ಪಟ್ಟಿಯಲ್ಲಿರುವವರು, ಮನೆಯಲ್ಲಿರುವವರು



ಪುಣೆಯ ಕನ್ನಡಿಗರ ದತ್ತಿ ಉಪನ್ಯಾಸವೆಂದರೆ ವಚನವೋ ಕೀರ್ತನೆಯೋ ಗಡಿನಾಡಿನ ಭಾಷೆಯೋ ಇರಬೇಕೆಂದು ನಿರೀಕ್ಷಿಸಿ ಬಂದವರು ಮೊದಲೇ ನನ್ನನ್ನು ಕ್ಷಮಿಸಬೇಕು. ವಿಷಯ ನಿಮ್ಮ ಇಷ್ಟ ಎಂದು ಸಂಘಟಕರು ಹೇಳಿದ್ದರಿಂದ ವಕೀಲನಾದ ನಾನು ಕೋರ್ಟು ಕಚೇರಿಯ ವಿಷಯವನ್ನೇ ತಂದಿದ್ದೇನೆ. ಬಡವರಿಗೆಂದು ಕಟ್ಟಿದ ಮನೆಯಲ್ಲಿ ಆ ಬಡವರ ಬದಲು ಬೇರೆ ಯಾರೋ ಇರುವುದು, ಅದನ್ನು ವಂಚನೆ ಎಂದು ಹಿಡಿಯಲು ಹೊರಡುವುದು, ಹಿಡಿದಾಗ ಸಿಕ್ಕಿಬೀಳುವವರು ಯಾರು ಎಂಬುದು ಇವತ್ತಿನ ವಿಷಯ. ಅದಕ್ಕೂ ಕನ್ನಡಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಭೂಗೋಳದ ಉತ್ತರವಿದೆ. ಈ ಊರಿನ ಸಂಗಮದಲ್ಲಿ ಸೇರುವ ಮುಳಾ ಮತ್ತು ಮುಠಾ ಮುಂದೆ ಭೀಮೆಗೆ ಹೋಗುತ್ತವೆ. ಭೀಮೆ ಪಂಢರಪುರ ದಾಟಿ ಅಫಜಲಪುರ, ಗಾಣಗಾಪುರ, ಜೇವರ್ಗಿ, ಯಾದಗಿರಿಯ ಕಡೆಗೆ ಹರಿಯುತ್ತಾಳೆ. ನೀರು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಜನ ಅಲ್ಲಿಂದ ಇಲ್ಲಿಗೆ ಬರುತ್ತಾರೆ. 1972ರ ಬರದಲ್ಲಿ ಬಂದವರಿದ್ದಾರೆ, ಹೋದ ತಿಂಗಳು ಗಾರೆ ಕೆಲಸಕ್ಕೆ ಬಂದವರೂ ಇದ್ದಾರೆ. ವಾರ್ಜೆಯಲ್ಲೋ ಕಾತ್ರಜ್‌ನಲ್ಲೋ ಬೆಳಗ್ಗೆ ಕೂಲಿಗಾಗಿ ನಿಂತವರ ನಡುವೆ ಹಾದುಹೋದರೆ ಕಲಬುರಗಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಇವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದೇ ನನ್ನ ವಿಷಯ.

ಪುಣೆಯ ಪತ್ರಿಕೆ ಓದುವವರಿಗೆ ಈ ಸುದ್ದಿ ಹೊಸದಲ್ಲ. ಪಿಂಪ್ರಿ-ಚಿಂಚ್‌ವಡ ಪಾಲಿಕೆ ಚಿಖಲಿಯಲ್ಲಿ ಕಟ್ಟಿಸಿದ ಘರಕುಲ ವಸತಿ ಯೋಜನೆಯ ಕಟ್ಟಡಗಳು, ಪುಣೆ ಪಾಲಿಕೆ ಹಡಪಸರ, ವಾರ್ಜೆಗಳಲ್ಲಿ ಕೇಂದ್ರದ ನೆರವಿನಿಂದ ಎಬ್ಬಿಸಿದ ಕಟ್ಟಡಗಳು, ಝೋಪಡಪಟ್ಟಿ ಪುನರ್ವಸನ ಪ್ರಾಧಿಕಾರದ ಅಂದರೆ ಎಸ್‌ಆರ್‌ಎ ಯೋಜನೆಯ ಕಟ್ಟಡಗಳು, ಈಚೆಗೆ ಪ್ರಧಾನಮಂತ್ರಿ ಆವಾಸ್ ಮನೆಗಳು. ಎಲ್ಲ ಕಡೆಯಿಂದಲೂ ಒಂದೇ ವರದಿ: ಮನೆ ಸಿಕ್ಕವರು ಬಾಡಿಗೆಗೆ ಕೊಟ್ಟಿದ್ದಾರೆ, ಕೆಲವರು ಮಾರಿಯೇ ಬಿಟ್ಟಿದ್ದಾರೆ, ಪಾಲಿಕೆ ತಪಾಸಣೆಗೆ ಹೊರಟಿದೆ, ನೋಟಿಸು ಹೋಗಿದೆ. ಸುದ್ದಿ ಓದಿದ ಮಧ್ಯಮವರ್ಗದ ಮನೆಗಳಲ್ಲಿ ಚಹಾದ ಜೊತೆ ಬರುವ ಮಾತೂ ಒಂದೇ: ‘ಪುಕ್ಕಟೆ ಕೊಟ್ಟರೆ ಹೀಗೇ. ಮನೆ ಬಾಡಿಗೆಗೆ ಬಿಟ್ಟು ಮತ್ತೆ ಗುಡಿಸಲಿಗೇ ಹೋಗುತ್ತಾರೆ.’ ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ವಂಚನೆ ಎಲ್ಲಿ ಹುಟ್ಟುತ್ತದೆ ಎಂಬುದರ ಬಗ್ಗೆ ಇದು ನಮ್ಮ ಕಣ್ಣು ಕಟ್ಟುತ್ತದೆ.

ಮನೆ ಹೇಗೆ ಸಿಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ರೋಗದ ಬೇರು ಅಲ್ಲೇ ಇದೆ. ಮಹಾರಾಷ್ಟ್ರದ ಕೊಳೆಗೇರಿ ಕಾಯ್ದೆ 1971ರದು. 1976ರಲ್ಲಿ ಮುಂಬೈಯಲ್ಲಿ ಗುಡಿಸಲುಗಳ ಗಣತಿ ನಡೆದು ಫೋಟೊಪಾಸ್ ಎಂಬ ಕಾಗದ ಹುಟ್ಟಿತು. 1995ರಲ್ಲಿ ಹೊಸ ಸರ್ಕಾರ ಬಂದು, ಗುಡಿಸಲಿನವರಿಗೆ ಪುಕ್ಕಟೆ ಮನೆ ಎಂದು ಘೋಷಿಸಿ, ಅದರ ದಾರಿ ಹುಡುಕಲು ಐಎಎಸ್ ಅಧಿಕಾರಿ ಅಫಜಲಪುರಕರ್ ಅವರ ಸಮಿತಿ ನೇಮಿಸಿತು. (ಆ ಮನೆತನದ ಹೆಸರು ನಮ್ಮ ಭೀಮಾತೀರದ ಊರನ್ನು ನೆನಪಿಸುತ್ತದೆ. ಅದೇ ಊರಿನ ಸುತ್ತಲಿನ ಎಷ್ಟೋ ಕೂಲಿಗಳು ಇವತ್ತು ಆ ಯೋಜನೆಯ ಕಟ್ಟಡಗಳಲ್ಲಿ ಹೆಸರಿಲ್ಲದೆ ಇದ್ದಾರೆ.) ಯೋಜನೆಯ ಸೂತ್ರ ಇದು: ಬಿಲ್ಡರ್ ಗುಡಿಸಲಿನವರಿಗೆ ಪುಕ್ಕಟೆ ಮನೆ ಕಟ್ಟಿಕೊಡಬೇಕು, ಅದಕ್ಕೆ ಬದಲಾಗಿ ಮಾರಾಟಕ್ಕೆ ಹೆಚ್ಚುವರಿ ಕಟ್ಟುವ ಹಕ್ಕು ಅವನಿಗೆ ಸಿಗುತ್ತದೆ. ಮುಂಬೈಯ ಈ ಲೆಕ್ಕ 2005ರಲ್ಲಿ ಪುಣೆಗೂ ಪಿಂಪ್ರಿ-ಚಿಂಚ್‌ವಡಕ್ಕೂ ಪ್ರತ್ಯೇಕ ಪ್ರಾಧಿಕಾರವಾಗಿ ಬಂತು. ಇಲ್ಲಿ ಬಹುಕಾಲ ಸಿಕ್ಕ ಮನೆ 269 ಚದರಡಿ.

ಯಾರಿಗೆ ಮನೆ? ಇಲ್ಲಿ ಸರ್ಕಾರ ಕೇಳುವ ಪ್ರಶ್ನೆ ಒಂದೇ: ನೀನು ಯಾವಾಗ ಬಂದೆ? ಮೊದಲು 1-1-1995ಕ್ಕಿಂತ ಹಿಂದೆ ಬಂದವರು ಅರ್ಹರು. 2014ರಲ್ಲಿ ಕಾಯ್ದೆ ತಿದ್ದಿ 1-1-2000 ಎಂದರು. ಆಮೇಲೆ 2011ರ ಜನವರಿ 1ರವರೆಗೆ ಬಂದವರಿಗೆ ಹಣ ಕೊಟ್ಟರೆ ಮನೆ ಎಂದರು. ಚುನಾವಣೆ ಹತ್ತಿರ ಬಂದಂತೆ ತಾರೀಖು ಮುಂದೆ ಸರಿಯುತ್ತದೆ. ಆದರೆ ಪ್ರಶ್ನೆ ಬದಲಾಗುವುದಿಲ್ಲ. ಈಗ ಇಲ್ಲಿ ಯಾರು ಇದ್ದಾರೆ, ಎಷ್ಟು ಜನ ಇದ್ದಾರೆ, ಎಲ್ಲಿ ದುಡಿಯುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಮತದಾರರ ಪಟ್ಟಿ, ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಪಾಲಿಕೆಗೆ ಕಟ್ಟಿದ ಗುಡಿಸಲಿನ ಸೇವಾಶುಲ್ಕದ ಪಾವತಿ, ಫೋಟೊಪಾಸ್, ಇವುಗಳ ಮೇಲೆ ಸಕ್ಷಮ ಪ್ರಾಧಿಕಾರಿ ಒಂದು ಪಟ್ಟಿ ತಯಾರಿಸುತ್ತಾನೆ. ಅದರ ಹೆಸರು ಪರಿಶಿಷ್ಟ-2. ವಸ್ತಿಯ ಅಂದರೆ ಕೊಳೆಗೇರಿಯ ಹೆಂಗಸರು ಓದು ಬರಹ ಬಾರದಿದ್ದರೂ ಈ ಒಂದು ಶಬ್ದವನ್ನು ತಪ್ಪಿಲ್ಲದೆ ಹೇಳುತ್ತಾರೆ. ‘ನಮ್ಮ ಹೆಸರು ಪರಿಶಿಷ್ಟದಾಗ ಬಂದೇತ್ರಿ’ ಎಂದರೆ ಅವರ ಪಾಲಿಗೆ ಮನೆ ಬಂದ ಹಾಗೆ.

ಈ ಪಟ್ಟಿಯ ಅರ್ಥಶಾಸ್ತ್ರವನ್ನು ಗಮನಿಸಿ. ಬಿಲ್ಡರ್‌ಗೆ ಸಿಗುವ ಮಾರಾಟದ ಚದರಡಿ ಅವನು ಎಷ್ಟು ಪುನರ್ವಸನ ಮನೆ ಕಟ್ಟಿದ ಎಂಬುದರ ಮೇಲೆ ನಿಂತಿದೆ. ಅಂದರೆ ಪಟ್ಟಿಯ ಪ್ರತಿ ಹೆಸರೂ ಒಂದು ಆಸ್ತಿ. ಹೆಸರು ಇರುವವನಿಗೆ ಒಂದು ಮನೆ, ಹೆಸರು ಬರೆಸಿದವನಿಗೆ ಅದಕ್ಕೆ ತಕ್ಕ ಮಾರಾಟದ ಜಾಗ. ಹೀಗಿರುವಾಗ ಪಟ್ಟಿ ಉದ್ದವಾಗಲಿ ಎಂದು ಬಯಸುವವರು ಎಷ್ಟೊಂದು ಜನ! ಒಂದೇ ಗುಡಿಸಲಿನ ನಡುವೆ ತಗಡು ನಿಲ್ಲಿಸಿ ಎರಡು ಮಾಡುವುದು, ಊರು ಬಿಟ್ಟು ಹೋದವನ ಕಾಗದವನ್ನು ಇನ್ನೊಬ್ಬನಿಗೆ ಕೊಡಿಸುವುದು, ಹಳೆಯ ತಾರೀಖಿನ ಕರೆಂಟ್ ಬಿಲ್ಲು ಹೊಂದಿಸುವುದು, ವಸ್ತಿಯ ಮುಖಂಡನ ಹೆಸರಲ್ಲಿ ಒಂದು, ಅವನ ಭಾಮೈದನ ಹೆಸರಲ್ಲಿ ಒಂದು. ಈ ಕಸುಬು ಗೊತ್ತಿಲ್ಲದ ವಕೀಲ ಶಿವಾಜಿನಗರ ಕೋರ್ಟಿನಲ್ಲಿ ಸಿಗಲಾರ. ಆದರೆ ಇದೇ ಪಟ್ಟಿಯಿಂದ ನಿಜವಾಗಿ ಇದ್ದವರು ಬಿದ್ದುಹೋಗುತ್ತಾರೆ. 2018ರ ನವೆಂಬರ್‌ನಲ್ಲಿ ಶಿವಾಜಿನಗರದ ಪಾಟೀಲ್ ಎಸ್ಟೇಟ್ ವಸ್ತಿಗೆ ಬೆಂಕಿ ಬಿತ್ತು. ಗುಡಿಸಲು ಸುಟ್ಟರೆ ಮತ್ತೆ ಎಬ್ಬಿಸಬಹುದು, ಕಾಗದ ಸುಟ್ಟರೆ ಏನು ಮಾಡುವುದು? ಕಾಗದವೇ ಅರ್ಹತೆಯಾದ ಕಡೆ ಬೆಂಕಿ, ಮಳೆ, ಗಂಡ ಬಿಟ್ಟುಹೋಗುವುದು ಎಲ್ಲವೂ ಅನರ್ಹತೆಯ ಕಾರಣಗಳಾಗುತ್ತವೆ.

ಆದ್ದರಿಂದ ನಾನು ಹೇಳಬೇಕಾಗಿರುವುದನ್ನು ಈಗಲೇ ಹೇಳಿಬಿಡುತ್ತೇನೆ. ದೊಡ್ಡ ವಂಚನೆ ನಡೆಯುವುದು ಮನೆಯ ಕೀಲಿ ಕೈಬದಲಾಗುವಾಗ ಅಲ್ಲ, ಪಟ್ಟಿ ಬರೆಯುವಾಗ. ನಾವು ತಪಾಸಣೆ ಮಾಡುವುದು ಮಾತ್ರ ಕೀಲಿಯನ್ನು.

ಕೀಲಿಯ ಕತೆಗೆ ಬರೋಣ. 1971ರ ಕಾಯ್ದೆಯ 3-ಇ ಕಲಮು, ಪುನರ್ವಸನದಲ್ಲಿ ಸಿಕ್ಕ ಮನೆಯನ್ನು ಹಂಚಿಕೆಯ ದಿನದಿಂದ ಹತ್ತು ವರ್ಷ ಮಾರಾಟ, ದಾನ, ವಿನಿಮಯ, ಗುತ್ತಿಗೆ ಯಾವ ರೂಪದಲ್ಲೂ ಪರಭಾರೆ ಮಾಡಬಾರದು ಎಂದಿತ್ತು. ಈಚೆಗೆ ಹತ್ತನ್ನು ಐದಕ್ಕೆ ಇಳಿಸಿದ್ದಾರೆ. ಆವಾಸ್ ಯೋಜನೆಯ ಮನೆಗಳಿಗೂ ಇಂಥದೇ ಷರತ್ತು: ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ವರ್ಷದ ಆದಾಯ 3 ಲಕ್ಷ ಮೀರಬಾರದು, ಸ್ವತಃ ವಾಸವಿರಬೇಕು. 2023ರ ಆಗಸ್ಟ್ 1ರಂದು ಪ್ರಧಾನಿಯವರೇ ಪುಣೆಗೆ ಬಂದು ಪುಣೆ ಪಾಲಿಕೆಯ 2,650ಕ್ಕೂ ಹೆಚ್ಚು, ಪಿಂಪ್ರಿ-ಚಿಂಚ್‌ವಡದ 1,280ಕ್ಕೂ ಹೆಚ್ಚು ಮನೆಗಳನ್ನು ಫಲಾನುಭವಿಗಳಿಗೆ ವಹಿಸಿದರು. ಅವುಗಳಲ್ಲೂ ಕೆಲವು ಆಗಲೇ ಬಾಡಿಗೆಗೆ ಹೋಗಿವೆ ಎಂಬ ಸುದ್ದಿ ಬರಲು ಬಹಳ ಕಾಲ ಹಿಡಿಯಲಿಲ್ಲ.

ನಿಷೇಧ ಇದ್ದರೂ ವ್ಯವಹಾರ ನಿಲ್ಲುವುದಿಲ್ಲ, ಅದು ನೋಟರಿಯ ಮೇಜಿಗೆ ಹೋಗುತ್ತದೆ. ಸ್ಟಾಂಪ್ ಪೇಪರಿನ ಮೇಲೆ ಒಂದು ಕರಾರು, ಜೊತೆಗೊಂದು ಮುಖ್ತ್ಯಾರಪತ್ರ, ಇನ್ನೂ ಜಾಗ್ರತೆಯವನಾದರೆ ಒಂದು ಮರಣಶಾಸನ. ಕೊಂಡವನು ಲಕ್ಷಗಟ್ಟಲೆ ಕೊಟ್ಟು ಮೂರು ಕಾಗದ ಹಿಡಿದುಕೊಂಡು ಮನೆಯ ಯಜಮಾನನಾದೆ ಎಂದುಕೊಳ್ಳುತ್ತಾನೆ. ಹೀಗೆ ಮುಖ್ತ್ಯಾರಪತ್ರದ ಮೇಲೆ ಮಾಡಿದ ಮಾರಾಟದಿಂದ ಸ್ಥಿರಾಸ್ತಿಯ ಒಡೆತನ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ತೀರ್ಪು ಕೆಳಗೆ ಇಳಿದು ಯೇರವಾಡದ ಗಲ್ಲಿಗೆ ಮುಟ್ಟಿಲ್ಲ. ಮುಟ್ಟಿದ್ದರೂ ಬೇರೆ ದಾರಿ ಇಲ್ಲದವನು ಅದೇ ಕಾಗದ ಮಾಡಿಸುತ್ತಾನೆ. ಮಾರಿದವನ ಮಗ ಬೆಳೆದು ದೊಡ್ಡವನಾಗಿ ‘ಇದು ನಮ್ಮಪ್ಪನ ಮನೆ’ ಎಂದು ಬಂದ ದಿನ ಅವನ ಮೂರು ಕಾಗದಕ್ಕೂ ಬೆಲೆಯಿಲ್ಲ.

ಮನೆ ಸಿಕ್ಕವರು ಯಾಕೆ ಬಿಟ್ಟುಹೋಗುತ್ತಾರೆ? ದುರಾಸೆ ಎಂದು ಹೇಳಿ ಮುಗಿಸುವುದು ಸುಲಭ. ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಹೆಂಗಸು ಶಿವಾಜಿನಗರದ ಸುತ್ತ ನಾಲ್ಕು ಮನೆಯಲ್ಲಿ ಪಾತ್ರೆ-ಬಟ್ಟೆ ಕೆಲಸ ಮಾಡುತ್ತಾಳೆ. ಗಂಡ ರಿಕ್ಷಾ ಓಡಿಸುತ್ತಾನೆ. ಗುಡಿಸಲಿನಿಂದ ಕೆಲಸಕ್ಕೆ ನಡೆದು ಹೋಗುವ ದೂರ. ಮೆಟ್ರೊ ಬಂತು. ಕಾಮಗಾರ್ ಪುತಳಾ ವಸ್ತಿಯವರನ್ನು ಹಾಗೇ ಎಬ್ಬಿಸಿ ಹಡಪಸರಕ್ಕೂ ವಿಮಾನನಗರಕ್ಕೂ ಕಳಿಸಿದರು. ಹಡಪಸರದಿಂದ ಶಿವಾಜಿನಗರಕ್ಕೆ ಬೆಳಗ್ಗೆ ಏಳಕ್ಕೆ ಮುಟ್ಟಬೇಕೆಂದರೆ ಮನೆ ಬಿಡುವುದು ಎಷ್ಟು ಗಂಟೆಗೆ, ಬಸ್ಸಿನ ಖರ್ಚು ಎಷ್ಟು, ಮಗುವನ್ನು ಯಾರು ನೋಡಿಕೊಳ್ಳುವುದು? ಇತ್ತ ಕಟ್ಟಡದಲ್ಲಿ ಲಿಫ್ಟು, ಪಂಪು, ಕಸ, ಸೊಸೈಟಿಯ ತಿಂಗಳ ಮೇಂಟೆನನ್ಸ್. ಲಿಫ್ಟು ಕೆಟ್ಟರೆ ಏಳನೆಯ ಮಹಡಿಗೆ ಕೊಡ. ಗುಡಿಸಲಿನ ಮುಂದೆ ಇಟ್ಟುಕೊಂಡಿದ್ದ ವಡಾಪಾವ್ ಗಾಡಿಗೆ ಏಳನೆಯ ಮಹಡಿಯಲ್ಲಿ ಗಿರಾಕಿ ಎಲ್ಲಿಂದ ಬರಬೇಕು? ಆಕೆ ಲೆಕ್ಕ ಹಾಕುತ್ತಾಳೆ. ಮನೆ ಬಾಡಿಗೆಗೆ ಕೊಟ್ಟು ಹಳೆಯ ಕೆಲಸದ ಹತ್ತಿರವೇ ಒಂದು ಖೋಲಿ ಹಿಡಿದರೆ ತಿಂಗಳಿಗೆ ಎರಡು ಕಾಸು ಉಳಿಯುತ್ತದೆ. ಮನೆ ಕೊಟ್ಟವರು ಅವಳ ಕೆಲಸವನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ, ಅವಳು ತಗೊಂಡಳು. ಇವಳನ್ನೂ, ಐದು ಹೆಸರಲ್ಲಿ ಐದು ಮನೆ ಬರೆಸಿಕೊಂಡ ಮುಖಂಡನನ್ನೂ ಒಂದೇ ನೋಟಿಸಿನ ಮಾದರಿಯಲ್ಲಿ ‘ಅನಧಿಕೃತ ಹಸ್ತಾಂತರ’ ಎಂದು ಬರೆಯುವ ಕಚೇರಿಯ ಬಗ್ಗೆ ನನಗೆ ಗೌರವ ಕಡಿಮೆ.

ಇನ್ನೊಂದು ಮಾತು, ಸ್ವಲ್ಪ ಕಹಿ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಅದರ ರಭಸಕ್ಕೆ ಖಡಕವಾಸಲಾ ಕೂಡ ಒಡೆದು, ಮುಠಾ ನದಿ ಪುಣೆಯ ಪೇಠೆಗಳೊಳಗೆ ನುಗ್ಗಿತು. ಮನೆ ಕಳೆದುಕೊಂಡವರಿಗೆ ಅರ್ಧ ಕೊಳವೆಯಾಕಾರದ ನಿಸ್ಸೆನ್ ಗುಡಿಸಲು ಹಾಕಿಕೊಟ್ಟರು. ಆಮೇಲೆ ಗೋಖಲೆನಗರ, ಸಹಕಾರನಗರದಂಥ ಬಡಾವಣೆಗಳು ಎದ್ದವು. ನೆರೆಸಂತ್ರಸ್ತರ ಸಹಕಾರಿ ಸಂಘಗಳಿಗೆ ಸರ್ಕಾರದ ಜಾಗ ಭೋಗ್ಯಕ್ಕೆ ಸಿಕ್ಕಿತು. ಅಲ್ಲೂ ಷರತ್ತಿತ್ತು: ಅಪ್ಪಣೆ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಅಲ್ಲೂ ಜನ ಮಾರಿದರು, ಕೊಂಡರು, ಬಾಡಿಗೆಗೆ ಕೊಟ್ಟರು, ಮಕ್ಕಳು ಅಮೆರಿಕಕ್ಕೆ ಹೋದ ಮೇಲೆ ಬೀಗ ಹಾಕಿದರು. ಯಾರೂ ಪೊಲೀಸರನ್ನು ಕರೆಯಲಿಲ್ಲ. ಷರತ್ತು ಮುರಿದಿದ್ದಕ್ಕೆ ಇಷ್ಟು ಶುಲ್ಕ ಕಟ್ಟಿ ಸಕ್ರಮ ಮಾಡಿಕೊಳ್ಳಿ ಎಂದರು. 2019ರಲ್ಲಿ ಆ ಜಾಗವನ್ನೇ ಅವರ ಹೆಸರಿಗೆ ಮಾಡಿಕೊಡುವ ತೀರ್ಮಾನವೂ ಆಯಿತು. ಅದು ತಪ್ಪು ಎಂದು ನಾನು ಹೇಳುತ್ತಿಲ್ಲ, ಸರಿಯಾದ ತೀರ್ಮಾನವೇ. ನೆರೆಯಲ್ಲಿ ನೊಂದ ಮಧ್ಯಮವರ್ಗಕ್ಕೆ ಸಿಕ್ಕ ಆ ಸಮಾಧಾನದ ದಾರಿ ಗುಡಿಸಲಿನವನಿಗೆ ಯಾಕಿಲ್ಲ ಎಂದು ಕೇಳುತ್ತಿದ್ದೇನೆ. ಈ ಸಭೆಯಲ್ಲೂ ಅಂಥ ಬಡಾವಣೆಗಳಿಂದ ಬಂದವರು ಇರಬಹುದು. ಅವರ ಮುಖ ನೋಡದೆ ಮುಂದಕ್ಕೆ ಹೋಗುತ್ತೇನೆ.

ಈಗ ಬಿಟ್ಟುಹೋದವಳ ಮನೆಯಲ್ಲಿ ಬಾಡಿಗೆಗೆ ಇರುವವನ ಕಡೆ ತಿರುಗೋಣ. ಅವನು ಕಳೆದ ವರ್ಷ ಜೇವರ್ಗಿಯ ಕಡೆಯಿಂದ ಬಂದವನು ಎಂದಿಟ್ಟುಕೊಳ್ಳಿ. ಅವನಿಗೆ ಯಾವ ಪಟ್ಟಿಯಲ್ಲೂ ಜಾಗವಿಲ್ಲ, 1995ರಲ್ಲಿ ಅವನು ಹುಟ್ಟಿಯೇ ಇರಲಿಲ್ಲ. ಅವನಿಗೆ ಬೇಕಾದ್ದು ಒಡೆತನವಲ್ಲ, ಒಂದು ಬಾಡಿಗೆ ಖೋಲಿ. ನ್ಯಾಯವಾಗಿ ಸಿಗುವ ಬಾಡಿಗೆ ಮನೆಗೆ ಅವನ ಕೈಯಲ್ಲಿ ದುಡ್ಡು ಸಾಲುವುದಿಲ್ಲ. ಎಸ್‌ಆರ್‌ಎ ಕಟ್ಟಡದಲ್ಲಿ ದಲ್ಲಾಳಿಯೊಬ್ಬ ಡಿಪಾಜಿಟ್ ತೆಗೆದುಕೊಂಡು ಕೀಲಿ ಕೊಡುತ್ತಾನೆ. ಯಾರ ಮನೆ, ಯಾರಿಗೆ ಹಣ ಹೋಗುತ್ತದೆ, ಇವನಿಗೆ ತಿಳಿಯದು.

ಮಹಾರಾಷ್ಟ್ರದಲ್ಲಿ ಬಾಡಿಗೆ ಕಾಯ್ದೆ 1999ರದು. ಅದರ 55ನೆಯ ಕಲಮಿನ ಪ್ರಕಾರ ಪ್ರತಿಯೊಂದು ಲೀವ್ ಅಂಡ್ ಲೈಸೆನ್ಸ್ ಕರಾರೂ ಬರಹದಲ್ಲಿದ್ದು ನೋಂದಣಿಯಾಗಬೇಕು. ಮಾಡಿಸುವ ಹೊಣೆ ಮಾಲೀಕನದು, ಮಾಡಿಸದಿದ್ದರೆ ಶಿಕ್ಷೆಯೂ ಅವನಿಗೇ. ನೋಂದಣಿ ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಜವೆಂದು, ಬೇರೆ ರುಜುವಾತು ಬರುವವರೆಗೆ, ಕೋರ್ಟು ನಂಬಬೇಕು. ಬಾಡಿಗೆದಾರನ ಪರ ಎಷ್ಟು ಒಳ್ಳೆಯ ಕಲಮು ನೋಡಿ! ಆದರೆ ಬಾಡಿಗೆಗೆ ಕೊಡಲೇಬಾರದ ಮನೆಯ ಕರಾರನ್ನು ನೋಂದಣಿ ಮಾಡಿಸಲು ಯಾವ ಹಂಚಿಕೆದಾರ ಧೈರ್ಯ ಮಾಡುತ್ತಾನೆ? ನೋಂದಣಿ ಇಲ್ಲ, ಆದ್ದರಿಂದ ವಿಳಾಸದ ಪುರಾವೆ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಶೇಕಡಾ 25ರ ಸೀಟಿಗೆ ಮಗುವಿನ ಅರ್ಜಿ ಹಾಕಬೇಕಾದರೆ ಬಾಡಿಗೆ ಮನೆಯವರು ನೋಂದಾಯಿತ ಕರಾರು ತೋರಿಸಬೇಕು. ಅಪ್ಪ ಬಾಡಿಗೆಯನ್ನು ತಪ್ಪದೆ ಕೊಟ್ಟರೂ ಮಗು ಪುಣೆಯಲ್ಲಿ ಎಲ್ಲೂ ವಾಸವಿಲ್ಲದಂತೆ. ಮಾಲೀಕ ಬಾಡಿಗೆ ಏರಿಸಿದರೆ ಇವನು ದೂರು ಕೊಡುವಂತಿಲ್ಲ, ಕೊಟ್ಟರೆ ಮೊದಲು ಬೀದಿಗೆ ಬೀಳುವವನು ಇವನೇ. ಡಿಪಾಜಿಟ್ ಮುಳುಗಿದರೂ ಹಾಗೇ. ತಪಾಸಣೆಯ ದಿನ ಅಧಿಕಾರಿ ಬಾಗಿಲು ಬಡಿದಾಗ ಬಾಗಿಲು ತೆಗೆಯುವುದೂ ಇವನ ಹೆಂಡತಿಯೇ. ಪಟ್ಟಿ ತಿದ್ದಿದವನು, ಹೆಸರು ಮಾರಿದವನು, ದಲ್ಲಾಳಿ, ಯಾರೂ ಆ ಹೊತ್ತಿಗೆ ಅಲ್ಲಿರುವುದಿಲ್ಲ. ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆ ನಮ್ಮಲ್ಲಿ ಹಳೆಯದು. ಇಲ್ಲಿ ಮೇಕೆಯನ್ನು ಮನೆಯಿಂದ ಹೊರಗೂ ಹಾಕುತ್ತಾರೆ.

ಇದು ಪುಣೆಯ ಕತೆ ಮಾತ್ರವಲ್ಲ. ಬೆಂಗಳೂರಿನ ಈಜಿಪುರದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದು 1,512 ಮನೆಗಳ ವಸತಿ ಸಮುಚ್ಚಯ ಇತ್ತು. ಕಟ್ಟಡಗಳು ಬಿರುಕು ಬಿಟ್ಟು ಕುಸಿದ ಮೇಲೆ ಅದೇ ಜಾಗದಲ್ಲಿ ಜನ ತಗಡಿನ ಶೆಡ್ಡುಗಳಲ್ಲಿ ಬದುಕಿದರು. 2013ರ ಜನವರಿಯ ಚಳಿಯಲ್ಲಿ ಜೆಸಿಬಿಗಳು ಬಂದವು. ಆಗ ಕೇಳಿದ ಪ್ರಶ್ನೆ: ನೀವು ಮೂಲ ಹಂಚಿಕೆದಾರರೋ ಅಲ್ಲವೋ? ಮೂಲ ಹಂಚಿಕೆದಾರರಿಗೆ ಮುಂದೆ ಕಟ್ಟುವ ಮನೆಯ ಭರವಸೆ ಸಿಕ್ಕಿತು. ವರ್ಷಗಟ್ಟಲೆ ಅಲ್ಲೇ ಬಾಡಿಗೆಗಿದ್ದ ಕುಟುಂಬಗಳಿಗೆ ರಸ್ತೆ ಬದಿ ಸಿಕ್ಕಿತು. ಅವರ ಮಕ್ಕಳು ಓದುತ್ತಿದ್ದ ಶಾಲೆ, ದುಡಿಯುತ್ತಿದ್ದ ಮನೆಗಳು ಎಲ್ಲ ಕೋರಮಂಗಲದಲ್ಲೇ ಇದ್ದವು. ಭೀಮೆಯ ಕಡೆಯವರಾದರೂ ಕಾವೇರಿಯ ನೀರು ಕುಡಿದರೂ ಸರ್ಕಾರದ ಕಣ್ಣು ಒಂದೇ ತರಹ.

ಹೊರದೇಶದಲ್ಲಿ ಹೇಗೆ? ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಮನೆ ಕೊಡುತ್ತವೆ. ಅದನ್ನು ಒಳಬಾಡಿಗೆಗೆ ಬಿಟ್ಟು ಲಾಭ ಹೊಡೆಯುವುದು ಅಲ್ಲೂ ದೊಡ್ಡ ಸಮಸ್ಯೆ. ಅಲ್ಲಿನ ಲೆಕ್ಕಪರಿಶೋಧನಾ ಆಯೋಗ 2009ರಲ್ಲಿ ಇಂಥ ಮನೆಗಳನ್ನು ಕನಿಷ್ಠ 50 ಸಾವಿರ ಎಂದು ಅಂದಾಜಿಸಿತು, 2012ರಲ್ಲಿ 98 ಸಾವಿರ ಎಂದಿತು. 2013ರಲ್ಲಿ ಇದಕ್ಕಾಗಿಯೇ ಕಾಯ್ದೆ ಬಂತು. ಅದುವರೆಗೆ ಬರೀ ಕರಾರಿನ ಉಲ್ಲಂಘನೆಯಾಗಿದ್ದದ್ದು ಅಪರಾಧವಾಯಿತು, ಎರಡು ವರ್ಷದವರೆಗೆ ಜೈಲು, ಗಳಿಸಿದ ಲಾಭವನ್ನು ಕಕ್ಕಿಸುವ ಆದೇಶ. ನಮ್ಮಲ್ಲಿ ಇದನ್ನು ಉದಾಹರಿಸುವವರು ಜೈಲನ್ನು ಮಾತ್ರ ನೆನೆಯುತ್ತಾರೆ. ಅಲ್ಲಿನ ಹಲವು ಕೌನ್ಸಿಲ್‌ಗಳು ಕಾಯ್ದೆ ಜಾರಿಯಾಗುವ ಸುಮಾರಿಗೆ ಗಡುವು ಕೊಟ್ಟು, ಅಷ್ಟರೊಳಗೆ ಕೀಲಿ ತಂದು ಒಪ್ಪಿಸಿದರೆ ಪ್ರಶ್ನೆ ಕೇಳುವುದಿಲ್ಲ ಎಂದವು. ಅದು ನನಗೆ ಜೈಲಿಗಿಂತ ಹೆಚ್ಚು ಬುದ್ಧಿವಂತಿಕೆಯ ಕ್ರಮ ಅನ್ನಿಸುತ್ತದೆ. ಇನ್ನೂ ಒಂದು ವ್ಯತ್ಯಾಸ ಮರೆಯಬಾರದು. ಅಲ್ಲಿ ಮನೆ ಕೌನ್ಸಿಲಿನದೇ, ಒಳಗಿರುವವನು ಬಾಡಿಗೆದಾರ. ನಮ್ಮಲ್ಲಿ ಗುಡಿಸಲಿನವನು ಸೊಸೈಟಿಯ ಸದಸ್ಯನಾಗುತ್ತಾನೆ, ಕಾಲ ಕಳೆದರೆ ಅವನೇ ಒಡೆಯ. ಇಂಗ್ಲೆಂಡಿನ ಕೌನ್ಸಿಲ್ ಬಾಡಿಗೆದಾರರಿಗೆ 1980ರ ಕಾಯ್ದೆ ಮನೆ ಕೊಳ್ಳುವ ಹಕ್ಕು ಕೊಟ್ಟಿತು. ಹಾಗೆ ಮಾರಿದ ಮನೆಗಳಲ್ಲಿ ದೊಡ್ಡ ಪಾಲು ಇವತ್ತು ಖಾಸಗಿ ಮಾಲೀಕರ ಬಾಡಿಗೆ ಮನೆಗಳು. ಒಂದೇ ಕಟ್ಟಡದ ಒಂದು ಬಾಗಿಲಲ್ಲಿ ಬಾಡಿಗೆಗೆ ಕೊಟ್ಟರೆ ಜೈಲು, ಪಕ್ಕದ ಬಾಗಿಲಲ್ಲಿ ಕೊಟ್ಟರೆ ವ್ಯಾಪಾರ. ಸಿಂಗಪುರ ಸ್ವಲ್ಪ ನೇರ: ಸಾಮಾನ್ಯ ದರ್ಜೆಯ ಸರ್ಕಾರಿ ಫ್ಲ್ಯಾಟು ಕೊಂಡವನು ಐದು ವರ್ಷ ತಾನೇ ಇರಬೇಕು. ಆಮೇಲೆ ಅಪ್ಪಣೆ ಪಡೆದು ಪೂರ್ತಿ ಬಾಡಿಗೆಗೆ ಕೊಡಬಹುದು, ದಾಖಲೆಯಲ್ಲಿ ಬಾಡಿಗೆದಾರನ ಹೆಸರೂ ಇರುತ್ತದೆ.

ಹಾಗಾದರೆ ಏನು ಮಾಡಬೇಕು? ಸುಲಭದ ಮದ್ದು ನನ್ನ ಹತ್ತಿರ ಇಲ್ಲ. ಆದರೆ ಪುಣೆಯಲ್ಲೇ ನಡೆದ ಒಂದು ಕೆಲಸ ನನಗೆ ದಾರಿ ತೋರಿಸಿತು. ಕೇಂದ್ರದ ನೆಹರೂ ನಗರ ನವೀಕರಣ ಯೋಜನೆಯ ಕಾಲದಲ್ಲಿ ಯೇರವಾಡದ ಕೆಲವು ವಸ್ತಿಗಳಲ್ಲಿ, ಮದರ್ ತೆರೆಸಾ ನಗರ, ನೇತಾಜಿ ನಗರ, ಶೀಲಾ ಸಾಳ್ವೆ ನಗರಗಳಲ್ಲಿ, ಜನರನ್ನು ಎಬ್ಬಿಸದೆ ಗುಡಿಸಲು ಇದ್ದಲ್ಲೇ ಪಕ್ಕಾ ಮನೆ ಕಟ್ಟಿದರು. ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿ ಒಂದೊಂದು ಗುಡಿಸಲಿನ ಅಳತೆಗೂ ಆಕಾರಕ್ಕೂ ತಕ್ಕಂತೆ ನಕ್ಷೆ ಬರೆದರು. ಮಹಿಳಾ ಮಿಲನ್ ಸಂಘಟನೆಯ ಹೆಂಗಸರು ಮನೆಮನೆಗೆ ಹೋಗಿ ಎಣಿಕೆ ಮಾಡಿದರು. ಸುಮಾರು 270 ಚದರಡಿಯ ಮನೆಗೆ ಕುಟುಂಬದ ಪಾಲು ವೆಚ್ಚದ ಹತ್ತರಲ್ಲೊಂದು. ಯಾರು ಎಲ್ಲಿ ಇದ್ದಾರೆಂದು ನೆರೆಯವರೇ ಹೇಳುತ್ತಿದ್ದುದರಿಂದ ಎಲ್ಲಿಂದಲೋ ಬಂದ ಹೆಸರು ಸೇರುವುದು ಕಷ್ಟವಾಯಿತು. ಕೆಲಸವೂ ಶಾಲೆಯೂ ಅಲ್ಲೇ ಉಳಿದಿದ್ದರಿಂದ ಬಿಟ್ಟುಹೋಗುವ ಕಾರಣವೂ ಕಡಿಮೆಯಾಯಿತು. ನ್ಯೂನತೆಗಳಿದ್ದವು. ಕೆಲಸ ನಿಧಾನ, ಬೀದಿ ಇಕ್ಕಟ್ಟಾಗೇ ಉಳಿಯಿತು. ಆದರೂ ಇರುವವನೇ ಪಟ್ಟಿಯಲ್ಲಿದ್ದ. ಪುಣೆಯ ಶೆಲ್ಟರ್ ಅಸೋಸಿಯೇಟ್ಸ್, ಮಾಶಾಲ್‌ನಂಥ ಸಂಸ್ಥೆಗಳು ವಸ್ತಿಗಳ ನಕ್ಷೆಯನ್ನು ಗುಡಿಸಲು ಗುಡಿಸಲಾಗಿ ತಯಾರಿಸಿದ ಅನುಭವವೂ ಈ ಊರಿನಲ್ಲಿದೆ. ನಕ್ಷೆ ಇಲ್ಲ, ಮಾಹಿತಿ ಇಲ್ಲ ಎಂಬ ನೆಪ ಪುಣೆಗೆ ಒಪ್ಪುವುದಿಲ್ಲ.

ಹಾಗಾಗಿ ಪರಿಶಿಷ್ಟ-2 ಅಂತಿಮವಾಗುವ ಮೊದಲು ವಸ್ತಿಯ ನಡುವೆ ಹೆಸರು ಹೆಸರಾಗಿ ಓದಿಸಿ. ಗೋಡೆಗೆ ಅಂಟಿಸಿ, ಫೋಟೊ ಸಮೇತ. ಆಕ್ಷೇಪ ಹೇಳುವವನನ್ನು ರಕ್ಷಿಸಿ. ಸುಳ್ಳು ಹೆಸರು ಸಿಕ್ಕರೆ ಆ ಕಾಗದಕ್ಕೆ ಸಹಿ ಹಾಕಿದ ಅಧಿಕಾರಿಯಿಂದ ಹಿಡಿದು ಆ ಹೆಸರಿನ ಲೆಕ್ಕದಲ್ಲಿ ಮಾರಾಟದ ಜಾಗ ಪಡೆದ ಬಿಲ್ಡರ್‌ವರೆಗೆ ಹೋಗಿ, ಜಾಗ ಕಿತ್ತುಕೊಳ್ಳಿ. ಇಲ್ಲಿ ನನಗೆ ಕನಿಕರವಿಲ್ಲ, ಇದು ದುಡ್ಡಿನ ಅಪರಾಧ, ಜೈಲು ಇಲ್ಲಿ ಸರಿಯಾಗಿ ಹೊಂದುತ್ತದೆ. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಈ 1971ರ ಕಾಯ್ದೆ ಹೇಗೆ ನಡೆಯುತ್ತಿದೆ ಎಂದು ಪರಿಶೀಲಿಸಲು ಬಾಂಬೆ ಹೈಕೋರ್ಟಿಗೆ ಹೇಳಿತು. ಒಂದು ಕಾಯ್ದೆಯ ಕೆಲಸವನ್ನೇ ತಪಾಸಣೆಗೆ ಒಡ್ಡುವುದು ಅಪರೂಪ. ಆ ತಪಾಸಣೆ ಗುಡಿಸಲಿನವರ ಬಾಗಿಲಿಗೆ ಬರುವ ಮುನ್ನ ಪಟ್ಟಿಯ ಕಡತಕ್ಕೆ ಹೋಗಲಿ ಎಂದು ನನ್ನ ಆಸೆ.

ಇನ್ನು ಬಿಟ್ಟುಹೋಗಲೇಬೇಕಾದ ಕುಟುಂಬಕ್ಕೆ ಒಂದು ನೇರ ದಾರಿ ಬೇಕು. ಮನೆಯನ್ನು ಪ್ರಾಧಿಕಾರಕ್ಕೇ ಹಿಂತಿರುಗಿಸಿ ಕೆಲಸದ ಹತ್ತಿರ ಬೇರೆ ಮನೆ ಕೇಳುವ ಅವಕಾಶ, ಅಥವಾ ಪ್ರಾಧಿಕಾರದ ಮೂಲಕವೇ ನಿಗದಿತ ಬಾಡಿಗೆಗೆ, ನೋಂದಾಯಿತ ಕರಾರಿನ ಮೇಲೆ ಕೊಡುವ ಅವಕಾಶ. ಆಗ ಬಾಡಿಗೆದಾರ ಕತ್ತಲಿಂದ ಹೊರಗೆ ಬರುತ್ತಾನೆ, ಅವನ ಮಗುವಿಗೆ ವಿಳಾಸ ಸಿಗುತ್ತದೆ. ಮತ್ತು ಬಾಡಿಗೆ ಮನೆಗಳನ್ನೇ ಕಟ್ಟಬೇಕು. 2020ರ ಲಾಕ್‌ಡೌನ್‌ನಲ್ಲಿ ಹೆದ್ದಾರಿ ತುಂಬ ನಡೆದು ಊರಿಗೆ ಹೋದವರನ್ನು ನೋಡಿ ಕೇಂದ್ರ ಸರ್ಕಾರ ವಲಸಿಗರಿಗಾಗಿ ಕೈಗೆಟಕುವ ಬಾಡಿಗೆ ವಸತಿ ಯೋಜನೆ ತಂದಿತು. ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ 83 ಸಾವಿರಕ್ಕೂ ಹೆಚ್ಚು ಮನೆಗಳನ್ನು ಬಾಡಿಗೆಗೆ ತೆರೆಯುವುದು ಅದರ ಮೊದಲ ಮಾತು. ತೆರೆದದ್ದು ಆರು ಸಾವಿರಕ್ಕೂ ಕಡಿಮೆ. ದೇಶದ ತುಂಬ ಮನೆ ಖಾಲಿ, ನಗರದ ತುಂಬ ಮನೆ ಇಲ್ಲದವರು, ನಡುವೆ ಒಂದು ಕಳ್ಳಬಾಡಿಗೆಯ ಮಾರುಕಟ್ಟೆ. ಸರ್ಕಾರ ಮಾಡಬೇಕಾದ್ದನ್ನು ಆ ಮಾರುಕಟ್ಟೆ ಕೆಟ್ಟದಾಗಿ ಮಾಡುತ್ತಿದೆ, ಅಷ್ಟೇ.

ಉಪನ್ಯಾಸ ಮುಗಿದ ಮೇಲೆ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆಯನ್ನು ಮುದ್ರಿತ ಪಾಠದಲ್ಲಿ ಸೇರಿಸುವುದು ಒಳ್ಳೆಯದು ಅನ್ನಿಸಿತು. ‘ನೀವು ಒಳಗಿರುವ ಬಾಡಿಗೆದಾರನ ಪರ ಮಾತಾಡಿದಿರಿ, ಬಿಟ್ಟುಹೋದವಳ ಪರವೂ ಮಾತಾಡಿದಿರಿ. ಅದೇ ವಸ್ತಿಯಲ್ಲಿ, ಕಾಗದ ಸುಟ್ಟುಹೋಗಿ, ಪಟ್ಟಿಗೆ ಸೇರದೆ ಗುಡಿಸಲಲ್ಲೇ ಉಳಿದವನಿಗೆ ಏನು ಹೇಳುತ್ತೀರಿ? ಅವನ ಮನೆಯಲ್ಲವೇ ಇವರಿಬ್ಬರೂ ಹಂಚಿಕೊಂಡದ್ದು?’ ಪ್ರಶ್ನೆ ಚೆನ್ನಾಗಿ ನಾಟಿತು. ನಾನು ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲೂ ಬರೆಯುತ್ತೇನೆ. ಸುಳ್ಳು ಹೆಸರಿನಿಂದ ವಾಪಸು ಬಂದ ಪ್ರತಿ ಮನೆಗೂ ಮೊದಲ ಹಕ್ಕು ಅವನದು. ಲಾಟರಿಯಲ್ಲಿ ಬೇರೆ ಕಡೆಯವರಿಗಲ್ಲ, ಬಿಲ್ಡರ್‌ನ ಮಾರಾಟಕ್ಕಲ್ಲ, ಅದೇ ವಸ್ತಿಯ ಅನರ್ಹರ ಪಟ್ಟಿಯಲ್ಲಿ ಮೊದಲು ನಿಂತವನಿಗೆ. ಮನೆಯಲ್ಲಿ ಈಗಾಗಲೇ ಬಾಡಿಗೆದಾರ ಇದ್ದರೆ ಆ ಬಾಡಿಗೆದಾರನಿಗೆ ಬೇರೆ ಬಾಡಿಗೆ ಮನೆ ಸಿಗುವವರೆಗೆ ಇವನು ಕಾಯಬೇಕಾಗುತ್ತದೆ, ಹೌದು. ಆ ಕಾಯುವಿಕೆಯ ಬಾಡಿಗೆಯನ್ನು ಪ್ರಾಧಿಕಾರ ಸುಳ್ಳು ಹೆಸರು ಬರೆಸಿದವನಿಂದ ವಸೂಲು ಮಾಡಲಿ. ಹಿರಿಯರು ‘ಅದು ಆಗುವ ಮಾತೇ?’ ಎಂದರು. ಪಟ್ಟಿಯ ಅಡಿಯಲ್ಲಿ ಸಹಿ ಇರುತ್ತದೆ, ಸಹಿ ಹಾಕಿದವನಿಗೆ ಸಂಬಳ ಇರುತ್ತದೆ, ಅಲ್ಲಿಂದ ಶುರು ಮಾಡಬಹುದು ಎಂದೆ.